ಸತ್ತವನ ತಾಯಿ ಕೊಟ್ಟ ಕಾಫಿ

ನಮ್ಮ ಅವ್ವ ಶೇವಂತೆವ್ವ ಬೈರಿದೇವರಕೊಪ್ಪದಲ್ಲಿ ಯಾರನ್ನೂ ಬಿಟ್ಟಿಲ್ಲ. ಹಾಲಿನವನಿಗೂ ಹೇಳಿದ್ದಾಳೆ, ಮೀಟರು ನೋಡಲು ಬಂದವನಿಗೂ ಹೇಳಿದ್ದಾಳೆ.

"ಆ ಹುಡುಗನ್ನ ಹೆತ್ತಾಕಿ ತನ್ನ ಕೈಯಾರೆ ಕಾಫಿ ಕೊಟ್ಲರಿ. ನಮ್ಮ ಪೂನಮ್ ಕುಡದ್ಲು. ಅವರ ಮನಿ ಬಟ್ಟಲಾಗ ಕುಡದ ಮ್ಯಾಲೆ ಇನ್ನೆಂಥಾ ಹಗಿ? ನಮ್ಮ ಶಶಿ ಇವತ್ತಿಲ್ಲ ನಾಳೆ ಬಂದ ಬರ್ತಾನ."

ಆ ಪೂನಮ್ ನಾನೇ. ಒಳಗೆ ಶಾಲೆಯ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಾ ಹಲ್ಲು ಕಚ್ಚಿಕೊಂಡು ಕೂತಿರುತ್ತೇನೆ. ಏನಂತ ಹೇಳಲಿ ಈ ಮುದುಕಿಗೆ?

ಶಶಿಕುಮಾರ ನನ್ನ ತಮ್ಮ. ಜೋರ್ಡಾನಿನಲ್ಲಿ ಲಾರಿ ಓಡಿಸುತ್ತಿದ್ದ. ಗೋದಾಮಿನ ಮುಂದೆ ಗಾಡಿ ನಿಲ್ಲಿಸುವ ದರಿದ್ರ ಜಗಳದಲ್ಲಿ ಖಾಲಿದ್ ಎಂಬ ಹುಡುಗನನ್ನು ದಬ್ಬಿದ. ಹುಡುಗ ಕಟ್ಟೆಯ ಮೇಲೆ ಬಿದ್ದ, ತಲೆ ಒಡೆಯಿತು, ಸತ್ತ. ಶಶಿಗೆ ಹತ್ತು ವರ್ಷ ಜೈಲು. ಸತ್ತವನ ಮನೆಯವರು ಮಾಫಿ ಮಾಡಿದರೆ ಮಾತ್ರ ಶಿಕ್ಷೆ ಇಳಿಯುತ್ತದೆ ಎಂದರು ವಕೀಲರು. ಹುಡುಗನ ತಾಯಿ ಉಮ್ ಖಾಲಿದ್ ನಾವು ಕಳಿಸಿದ ದುಭಾಷಿಯನ್ನು ಬಾಗಿಲಿನಿಂದಲೇ ಅಟ್ಟಿದಳು. ಉಮ್ ಖಾಲಿದ್ ಅಂದರೆ ಖಾಲಿದನ ತಾಯಿ. ಅಲ್ಲಿ ಹೆಂಗಸರನ್ನು ಮಗನ ಹೆಸರಿನಿಂದ ಕರೆಯುತ್ತಾರೆ, ಮಗ ಸತ್ತ ಮೇಲೂ. ಬಾಡಿಗೆ ನಾಲಿಗೆ ನನಗೆ ಬೇಡ, ಅವನ ರಕ್ತದವರೇ ಬಂದು ಕೇಳಲಿ ಅಂದಳಂತೆ. ಅಪ್ಪ ಸೋಮಪ್ಪ ತೀರಿಹೋಗಿದ್ದ, ಅವ್ವನಿಗೆ ಮೆಟ್ಟಿಲು ಹತ್ತಲೂ ಆಗದು. ಉಳಿದವಳು ನಾನೊಬ್ಬಳೇ.

ರಜೆ ಹಾಕಿ ಜೋರ್ಡಾನಿನ ರಾಜಧಾನಿ ಅಮ್ಮಾನಿಗೆ ಹೋದೆ. ಆಡುಮಾತಿನ ಅರಬ್ಬಿ ಕಲಿಸುವ ಶಾಲೆಗೆ ಸೇರಿದೆ, ಅವರೇ ಗೊತ್ತು ಮಾಡಿದ ಸಲ್ಮಾ ಎಂಬವಳ ಮನೆಯಲ್ಲಿ ಉಳಿದೆ. ತರಗತಿಯಲ್ಲಿ ಯುರೋಪಿನ ಹುಡುಗರು ಟ್ಯಾಕ್ಸಿಯವನ ಜೊತೆ ಚೌಕಾಸಿ ಮಾಡುವುದನ್ನು ಕಲಿಯುತ್ತಾ ಕಿಸಿಕಿಸಿ ನಗುತ್ತಿದ್ದರು. ನನಗೆ ಬೇಕಾದ ಪಾಠ ಆ ಪುಸ್ತಕದಲ್ಲಿ ಇರಲಿಲ್ಲ. ಅದನ್ನು ಅಡುಗೆಮನೆಯಲ್ಲಿ ಬದನೆಕಾಯಿ ಸುಡುತ್ತಾ ಸಲ್ಮಾ ಕಲಿಸಿದಳು. ಅಲ್ಲಿಯವರ ಅರಬ್ಬಿ ಈಗ ನೆನಪಿನಲ್ಲಿ ನಮ್ಮ ಮನೆಮಾತಾಗಿಯೇ ಕೇಳುತ್ತದೆ.

"ಮೊದಲ ಆಕಿ ಮಗನ ಹೆಸರು ಹೇಳು, ನಿನ್ನ ತಮ್ಮನ ಹೆಸರು ಕಡೀಕ. ಮತ್ತ ನೋಡು, ಕಾಫಿ ಕೊಡ್ತಾರ. ಇಸಕೊಂಡು ಮುಂದ ಇಟಗೊ, ಬಾಯಿಗೆ ಹಚ್ಚಬ್ಯಾಡ. ಕುಡೀದ ಇಟ್ಟಿ ಅಂದ್ರ ಏನೋ ಬೇಡಾಕ ಬಂದೀ ಅಂತ ತಿಳಕೋತಾರ. ಆಕಿ 'ಕುಡಿ' ಅಂದ್ಲು ಅಂದ್ರ ನೀ ಬೇಡಿದ್ದು ಕೊಟ್ಟಂಗ. ಅದಕಿಂತ ಮೊದಲ ಕುಡದ್ರ, ಬೇಡೂದು ಮುಗೀತು."

ಇಷ್ಟೇ ತಾನೆ ಅಂದುಕೊಂಡೆ. ನನ್ನ ಶಾಣ್ಯಾತನಕ್ಕೆ ಬೆಂಕಿ ಹಾಕ.

ಸಲ್ಮಾಳೇ ನನ್ನನ್ನು ಕರೆದುಕೊಂಡು ಹೋದಳು. ಉಮ್ ಖಾಲಿದ್ ಹಿತ್ತಾಳೆಯ ಹೂಜಿಯಿಂದ ಕಾಫಿ ಬಗ್ಗಿಸಿ ಕೊಟ್ಟಳು. ಇಸಿದುಕೊಂಡು ಮುಂದಿಟ್ಟೆ. ಒಂದು ಕಡೆಯೂ ಎಡವದೆ ಮಾತಾಡಿದೆ. ಖಾಲಿದನ ಹೆಸರು ಹೇಳಿದಾಗ ನನಗೇ ಅಳು ಬಂತು, ಅದು ಯಾರೂ ಕಲಿಸಿದ್ದಲ್ಲ.

"ನಿನ್ನ ತಮ್ಮಗ ತಾಯಿ ಅದಾಳೇನು? ತೋರಸು," ಅಂದಳು ಉಮ್ ಖಾಲಿದ್.

ಫೋನಿನಲ್ಲಿ ವಿಡಿಯೋ ಹಚ್ಚಿದೆ. ಬೈರಿದೇವರಕೊಪ್ಪದಲ್ಲಿ ಅವ್ವ ಕೈ ಮುಗಿದಳು. ಒಬ್ಬಳ ಮಾತು ಒಬ್ಬಳಿಗೆ ಬಾರದು; ಇಬ್ಬರೂ ಗೊಳೋ ಎಂದು ಅತ್ತರು. ಉಮ್ ಖಾಲಿದ್ ತನ್ನ ಅಂಗಿಯ ತೋಳಿನಿಂದ ಫೋನಿನ ಗಾಜು ಒರೆಸಿದಳು. ಸಲ್ಮಾ ನನ್ನ ಮೊಣಕೈ ಚಿವುಟಿದಳು. ಮುದುಕಿಯ ಕೈ ಬಟ್ಟಲಿನ ಕಡೆಗೆ ಚಾಚುತ್ತಿತ್ತು.

ಅಷ್ಟರಲ್ಲಿ ಅವ್ವನ ಕಣ್ಣಿಗೂ ಆ ಬಟ್ಟಲು ಬಿತ್ತು.

"ಪೂನಮ್, ಅದ್ಯಾಕ ಹಂಗ ತುಂಬೇತಿ?"

"ಆಮ್ಯಾಲೆ ಹೇಳ್ತೇನವ್ವಾ."

"ಏನ್ ಆಮ್ಯಾಲೆ! ನಮ್ಮ ಮನ್ಯಾಗ ಮಂದಿ ಚಾ ಮುಟ್ಟಲಾರದ ಎದ್ದ ಹೋಗೂದು ನೀ ನೋಡಿಲ್ಲೇನು? ಅವರು ನಮಗ ಮಾಡಿದ್ದು ನೀ ಆಕಿಗೆ ಮಾಡ್ತೀ? ಕುಡಿ ಮೊದಲ!"

ನೋಡಿದ್ದೆ. ಅಪ್ಪ ಹೊಸ ಮನೆ ಕಟ್ಟಿಸಿದಾಗ ಅವನ ಕಚೇರಿಯವರು ಬಂದಿದ್ದರು. ನಮ್ಮ ಜಾತಿ ಅವರಿಗೆ ಗೊತ್ತಿತ್ತು. ನಗುನಗುತ್ತಾ ಮಾತಾಡಿ, ಈಗಷ್ಟೇ ಆಯಿತು ಎನ್ನುತ್ತಾ ಎದ್ದು ಹೋದರು. ಕೆನೆಗಟ್ಟಿದ ಚಹಾವನ್ನೆಲ್ಲ ಅವ್ವ ಬಚ್ಚಲಿಗೆ ಸುರಿದಳು. ತೊಳೆದುಕೊಟ್ಟ ಕಪ್ಪುಬಸಿ ಒರೆಸಿದವಳು ನಾನು.

ಇದು ಇಲ್ಲಿಯ ಪದ್ಧತಿ ಎಂದು ಎರಡು ಮಾತಿನಲ್ಲಿ ಹೇಳಬಹುದಿತ್ತು. ಇಷ್ಟು ಅರಬ್ಬಿ ಕಲಿತವಳಿಗೆ ಕನ್ನಡ ಬರಲಿಲ್ಲ. ಅವ್ವನ ಮುಖ ನೋಡಿದೆ, ಕೈ ತಾನೇ ಹೋಯಿತು. ಒಂದೇ ಗುಟುಕಿಗೆ ಕುಡಿದುಬಿಟ್ಟೆ.

ಮುದುಕಿಯ ಕೈ ಅಲ್ಲೇ ನಿಂತಿತು. ಬರಿದಾದ ಬಟ್ಟಲನ್ನು ನೋಡಿದಳು. "ಆರೋಗ್ಯ ಇರಲಿ ನಿನಗ," ಅಂದು ಎದ್ದು ಒಳಗೆ ಹೋದಳು.

ಸಲ್ಮಾ ಬಾಗಿಲಲ್ಲಿ ನಿಂತು ಅಂಗಲಾಚಿದಳು. "ಪರದೇಶದ ಹುಡುಗಿ, ಆಕಿಗೆ ಗೊತ್ತಿಲ್ಲ!"

"ಗೊತ್ತಿತ್ತು," ಅಂತ ಒಳಗಿನಿಂದ ಬಂತು. "ಮೊದಲ ಮುಂದ ಇಟಗೊಂಡಿದ್ಲಲ್ಲ."

ಮತ್ತೆ ಹೋದಾಗ ಆ ಬಾಗಿಲು ತೆರೆಯಲಿಲ್ಲ. ವೀಸಾ ಮುಗಿಯಿತು, ಬಂದೆ. ಅವ್ವನಿಗೆ ಈಗ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆಯಲ್ಲಿ ಕಣ್ಣು ಮಂಜಾಗಿದೆ. ಅವಳು ಇರುವತನಕ ಶಶಿ ಬರುವುದಿಲ್ಲ.

ನಿನ್ನೆ ಅವನ ಕೌದಿಯನ್ನು ಒಗೆದು ಬಿಸಿಲಿಗೆ ಹಾಕಿದ್ದಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಇವತ್ತು ಹೇಳಿಯೇ ಬಿಡಬೇಕು ಎಂದು ಅವಳನ್ನು ಎದುರಿಗೆ ಕೂರಿಸಿಕೊಂಡೆ. ಅವಳು ಚಹಾ ತಂದಿಟ್ಟಳು. ಎಲ್ಲಿಂದ ಶುರು ಮಾಡಲಿ ಎಂದು ಮನಸ್ಸಿನಲ್ಲೇ ಮಾತು ಹೊಂದಿಸುತ್ತಾ ಹೋದೆ. ಚಹಾ ಆರಿತು.

ಅವ್ವ ಬಗ್ಗಿ, ಕಣ್ಣು ಕಿರಿದು ಮಾಡಿ ಕಪ್ಪಿನೊಳಗೆ ನೋಡಿದಳು.

"ಯಾಕವಾ, ನನ್ನ ಕೈ ಚಾ ನಿನಗೂ ನಡ್ಯಾಂಗಿಲ್ಲೇನು?"

ಕುಡಿದೆ.