ಆಯೇರಿ ಬಟ್ಟೆಯ ಅಂಗಿ

ಬೈಲಹೊಂಗಲದ ವಿಮಾ ಕಚೇರಿಯಲ್ಲಿ ನನ್ನ ನೌಕರಿ ಕಾಯಂ ಆಗುವುದೋ ಇಲ್ಲವೋ ಎಂದು ಸೋಮವಾರ ಹುಬ್ಬಳ್ಳಿಯ ಮುಖ್ಯ ಕಚೇರಿಯ ಮೇಡಂ ಬಂದು ನಿರ್ಧರಿಸುವವರಿದ್ದರು. ‘ಬಿಸಿನೆಸ್ ಕ್ಯಾಶುವಲ್ ಉಡುಪು ಕಡ್ಡಾಯ’ ಎಂದು ಪತ್ರ ಬಂದಿತ್ತು. ಅದರ ಅರ್ಥ ನನಗೆ ಖಾತ್ರಿಯಿರಲಿಲ್ಲ. ದೊಡವಾಡದ ಒಂದು ಮದುವೆಯಲ್ಲಿ ಬಂದವರಿಗೆಲ್ಲ ಉಡುಗೊರೆಯಾಗಿ ಆಯೇರಿ ಕೊಟ್ಟಿದ್ದ ನೀಲಿ ಚೌಕಳಿ ಬಟ್ಟೆಯನ್ನು ಟೇಲರ್ ಬುಡನಸಾಬರಿಗೆ ಒಯ್ದೆ.

“ಆಫೀಸಿಗೂ ನಡೀಬೇಕು, ಬೀಗರ ಮನಿಗೂ ನಡೀಬೇಕು, ಹಂಗ ಹೊಲೀತೇನಿ. ಚಿಂತಿ ಬಿಡ್ರಿ,” ಎಂದರು.

ಸೋಮವಾರ ಮ್ಯಾನೇಜರ್ ಗೌರೀಶ ಸರ್ ಅದೇ ಬಟ್ಟೆಯ ಅಂಗಿ ತೊಟ್ಟು ಬಂದರು. ಅವರೂ ಆ ಮದುವೆಗೆ ಹೋಗಿದ್ದರು.

“ಮನಿಗೆ ಹೋಗಿ ಬದಲಿಸಿ ಬರಲೇನ್ರಿ ಸರ?” ಎಂದೆ.

“ಮೇಡಂ ಬಾಗಲದಾಗ ಅದಾರ. ನನ್ನ ಬಾಜೂಕ ಮಾತ್ರ ನಿಂದರಬ್ಯಾಡೋ ಮಾರಾಯ.”

ನಾನು ಕಪಾಟಿನ ಆಚೆ ನಿಂತೆ. ಮೇಡಂ ಇಬ್ಬರನ್ನೂ ನೋಡಿದರು.

“ಯೂನಿಫಾರ್ಮ್ ಮಾಡೀರೇನ್ರಿ?”

“ಹೌದ್ರಿ ಮೇಡಂ,” ಎಂದರು ಸರ್. ನನಗೆ ಸುಳ್ಳು ಹೇಳಿ ರೂಢಿಯಿಲ್ಲ. ಅದಕ್ಕೆ ತಲೆಯಷ್ಟೇ ಆಡಿಸಿದೆ.

ಮೇಡಂ ಶಿಸ್ತನ್ನು ಮೆಚ್ಚಿ ನನ್ನ ಹೆಸರಿನ ಮುಂದೆ ‘ಕಾಯಂ’ ಎಂದು ಬರೆದರು. ಕಚೇರಿಯ ಉಳಿದ ನಾಲ್ವರಿಗೂ ಶುಕ್ರವಾರದೊಳಗೆ ಅದೇ ಅಂಗಿ ಆಗಬೇಕೆಂದರು.

ಸಂಜೆ ಸರ್ ಮತ್ತು ನಾನು ದೊಡವಾಡದ ಬಸ್ಸು ಹತ್ತಿದೆವು, ಮದುವೆಮನೆಯಲ್ಲಿ ಆಯೇರಿ ಬಟ್ಟೆ ಏನಾದರೂ ಉಳಿದಿದೆಯೇ ಎಂದು ಕೇಳಲು.