ಅತ್ತೆಯ ಟಿಕ್ಕು

ಚಳಿಗಾಲ ಮುಗಿಯುತ್ತಾ ಬಂದಿದ್ದ ಒಂದು ಬುಧವಾರ, ಬೆಳಿಗ್ಗೆ ಏಳು ಗಂಟೆಗೆ ಇದು ಶುರುವಾಯಿತು. ಪ್ರೆಸ್ಸಿನ ಮೂಲೆಯಲ್ಲಿದ್ದ ಹಳೆಯ ಮುದ್ರಣಯಂತ್ರವನ್ನು ಎಲ್ಲರೂ ಅತ್ತೆ ಎಂದೇ ಕರೆಯುತ್ತಿದ್ದರು. ದಿನವಿಡೀ ಗೊಣಗುತ್ತಿತ್ತು, ಆದರೆ ಒಂದು ದಿನವೂ ಕೆಲಸ ಬಿಟ್ಟು ಕೂತದ್ದಿಲ್ಲ. ನಲವತ್ತೊಂದು ವರ್ಷ ಅದರ ರಿಪೇರಿ ನೋಡಿಕೊಂಡ ಮೇಸ್ತ್ರಿಗೆ ಆ ಗೊಣಗಾಟ ಬಾಯಿಪಾಠ. ಶನಿವಾರ ಅದು ಗುಜರಿಗೆ ಹೋಗುವುದಿತ್ತು.

ಅಷ್ಟರೊಳಗೆ ಅದರ ಸದ್ದನ್ನು ಹಿಡಿದಿಡಬೇಕು. ದೊಡ್ಡ ಗೇರಿನ ಒಂದು ಹಲ್ಲು ಸವೆದಿತ್ತು. ಸುತ್ತಿಗೊಮ್ಮೆ, ಗದ್ದಲದ ಅಡಿಯಲ್ಲಿ, ಸಣ್ಣದೊಂದು ಟಿಕ್. ಹಿಂದೊಮ್ಮೆ ಅಂಥದೇ ಟಿಕ್ಕು ಯಾರ ಕಿವಿಗೂ ಬೀಳದೆ, ಹಲ್ಲು ಮುರಿದು, ಮೇಸ್ತ್ರಿಗೆ ಕೆಲಸ ಕಲಿಸಿದವರ ಎರಡು ಬೆರಳು ಹೋಗಿದ್ದವು. ಮುಂದೆ ಕಲಿಯುವವರಿಗಾದರೂ ಅದು ಕೇಳಿಸಲಿ ಎಂಬುದೊಂದೇ ಮೇಸ್ತ್ರಿಯ ಆಸೆ. ರಿಪೇರಿ ಕಲಿಸುವ ಶಾಲೆಯಲ್ಲಿ ಪಾಠ ತಯಾರಿಸುತ್ತಿದ್ದ ಸೊಸೆ ಆ ಬುಧವಾರ ಬಂದು ವಿಡಿಯೊ ತೆಗೆದಳು. ಆದರೆ ಅದು ಭಾರೀ ದೊಡ್ಡದು; ಮೊಬೈಲಿಗೆ ಕಳಿಸಬೇಕಾದರೆ ಕುಗ್ಗಿಸಲೇಬೇಕು.

ಮಾರನೆಯ ದಿನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. "ಮಾವ, ಕುಗ್ಗಿಸೋಕೆ ಮೂರು ಪುಟ್ಟ ಪ್ರೋಗ್ರಾಂ ಸಿಕ್ಕಿವೆ. ಯಾರ್ಯಾರೋ ಬಿಡುವಿನಲ್ಲಿ ಮಾಡಿ ಎಲ್ಲರಿಗೂ ಬಿಟ್ಟಿದ್ದಾರೆ. ಒಳಗೇನಿದೆ ಅಂತ ಬಿಚ್ಚಿ ನೋಡಬಹುದು, ಬದಲಾಯಿಸಲೂಬಹುದು."

ಮೇಸ್ತ್ರಿಯ ಕಣ್ಣರಳಿತು. "ಮುಚ್ಚಳಕ್ಕೆ ಬೀಗ ಇಲ್ಲ ಅನ್ನು! ಹಾಗಾದ್ರೆ ಮರ್ಯಾದಸ್ಥರು ಮಾಡಿದ್ದು."

"ಕಣ್ಣು ಮುಚ್ಚಿ ಕೇಳಿ."

ಮೊದಲನೆಯದು ಮುಗಿಯುವ ಮುಂಚೆಯೇ ಮೇಸ್ತ್ರಿ ಕೈಯಾಡಿಸಿದರು. "ಅತ್ತೆ ಕಂಬಳಿ ಹೊದ್ದು ಮಾತಾಡ್ತಿದ್ದಾಳೆ. ಮುಂದಿನದು ಹಾಕು."

ಎರಡನೆಯದು ತಿಳಿನೀರಿನಂತೆ ಸ್ವಚ್ಛ. ಚಿತ್ರದಲ್ಲಿ ಗೇರಿನ ಒಂದೊಂದು ಹಲ್ಲನ್ನೂ ಎಣಿಸಬಹುದಿತ್ತು. "ಇದೇ ಇರ್ಲಿ," ಎಂದರು ಪಕ್ಕದಲ್ಲೇ ಕೂತಿದ್ದ ಮೇಸ್ತ್ರಿಯ ಹೆಂಡತಿ. "ಮನೇಲಿರೋ ನಿಜವಾದ ಅತ್ತೆ ಗೊಣಗಿದ್ದು ಯಾವತ್ತಾದ್ರೂ ಇಷ್ಟು ಚೆನ್ನಾಗಿ ಕೇಳಿಸಿದೆಯಾ ನಿಮಗೆ?"

ಸೊಸೆ ಕಿಸಕ್ಕನೆ ನಕ್ಕಳು. ಮೇಸ್ತ್ರಿ ನಗಲಿಲ್ಲ. "ಇನ್ನೊಂದ್ಸಲ ಹಾಕಮ್ಮ." ಕೇಳಿದರು. "ಇದರಲ್ಲಿ ಅತ್ತೆಗೆ ಕಾಯಿಲೆ ವಾಸಿಯಾಗಿಬಿಟ್ಟಿದೆ!"

ಸೊಸೆ ಒಳಗೆಲ್ಲ ತಡಕಿದಳು. ಹೌದು, ಚಿಕ್ಕ ಚೂಪು ಸದ್ದುಗಳನ್ನು ಆ ಪ್ರೋಗ್ರಾಂ ಕಸವೆಂದು ಗುಡಿಸಿಹಾಕುತ್ತಿತ್ತು. ಗುಡಿಸುವ ಭಾಗವನ್ನು ತೆಗೆದು ನೋಡಿದರೆ ಇಡೀ ಸದ್ದೇ ಕರಕರ ಎಂದಿತು. ಟಿಕ್ಕು ಕಳೆದುಹೋಗುತ್ತಿದೆ ಎಂದು ಮಾಡಿದವರಿಗೆ ಅಲ್ಲೇ ಎರಡು ಸಾಲು ಬರೆದು, ಮೂರನೆಯದನ್ನು ಹಾಕಿದಳು.

ಮೇಸ್ತ್ರಿಯ ಬೆರಳು ತಾನಾಗಿಯೇ ಮೇಜು ಕುಟ್ಟತೊಡಗಿತು. ಟಿಕ್. ಟಿಕ್. "ಇವಳೇ! ಇವಳೇ ನಮ್ಮ ಅತ್ತೆ!"

"ಆದ್ರೆ ಮಾವ, ಇದಕ್ಕೆ ಸದ್ದು ಮಾತ್ರ ಗೊತ್ತು, ಚಿತ್ರ ಬರಲ್ಲ," ಸೊಸೆಯ ಮುಖ ಬಾಡಿತು. "ಹಲ್ಲು ಕಾಣದೆ ಟಿಕ್ಕು ಎಲ್ಲಿಂದ ಬಂತು ಅಂತ ಯಾರಿಗೆ ತಿಳಿಯುತ್ತೆ?"

ಮೇಸ್ತ್ರಿ ಗಲ್ಲ ಕೆರೆದುಕೊಂಡರು. "ಬೀಗ ಇಲ್ಲ ಅಂದೆಯಲ್ಲಮ್ಮ. ಆ ಮಿಷಿನ್ನಿನ ಗೇರು ಈ ಮಿಷಿನ್ನಿನ ಶಾಫ್ಟಿಗೆ ಕೂರಲ್ವಾ? ಚಿತ್ರ ಅದರದ್ದು, ಸದ್ದು ಇದರದ್ದು."

ಸೊಸೆ ಕುರ್ಚಿಯಿಂದ ಎದ್ದೇಬಿಟ್ಟಳು. "ಮಾವ! ಕೂರುತ್ತೆ!"

ಶುಕ್ರವಾರ ಬೆಳಿಗ್ಗೆ ಮೂವರೂ ಪ್ರೆಸ್ಸಿಗೆ ಹೋದರು. ಜೋಡಿಸಿದ ವಿಡಿಯೊವನ್ನು ಓಡುತ್ತಿರುವ ಯಂತ್ರದೊಡನೆ ತಾಳೆ ನೋಡಲು ಅದೇ ಕೊನೆಯ ದಿನ. "ಹಲ್ಲು ಇನ್ನೂ ಕೆಳಗಿದೆ, ಟಿಕ್ ಅಂದಾಯ್ತು. ಸದ್ದನ್ನು ಕೂದಲೆಳೆಯಷ್ಟು ಹಿಂದೆ ತಗೋ," ಎಂದರು ಮೇಸ್ತ್ರಿ. ಸೊಸೆ ಮೂರು ಸಲ ಸರಿಸಿದಳು. ನಾಲ್ಕನೆಯ ಸಲ ಹಲ್ಲೂ ಟಿಕ್ಕೂ ಒಟ್ಟಿಗೆ ಬಂದವು.

"ಅಯ್ಯೋ, ಕೇಳಿಸ್ತು ರೀ!" ಹೆಂಡತಿ ಅವರ ತೋಳು ಹಿಡಿದುಕೊಂಡರು. ಗಂಡ ನಲವತ್ತೊಂದು ವರ್ಷ ಊಟದ ಹೊತ್ತಿಗೆ ಹೇಳುತ್ತಾ ಬಂದದ್ದು ಅವರ ಕಿವಿಗೆ ಬಿದ್ದದ್ದು ಅವತ್ತೇ. ಮೇಸ್ತ್ರಿ ಎಣ್ಣೆಬಟ್ಟೆಯಲ್ಲಿ ಸುಮ್ಮನೆ ಕೈ ಒರೆಸಿಕೊಂಡರು.

ಮಧ್ಯಾಹ್ನ ಎರಡನೆಯ ಪ್ರೋಗ್ರಾಂ ಮಾಡಿದವರ ಉತ್ತರ ಬಂತು. ಸೊಸೆ ಓದಿ ಹೇಳಿದಳು: 'ತಪ್ಪು ನನ್ನದು. ಆ ಟಿಕ್ಕನ್ನು ನನಗೂ ಕೊಡಿ. ಇನ್ನು ಮೇಲೆ ಏನೇ ಬದಲಾಯಿಸಿದರೂ ಮೊದಲು ಅದನ್ನು ಹಾಕಿ ನೋಡುತ್ತೇನೆ. ಅದು ಉಳಿದರೆ ಮಾತ್ರ ಹೊರಗೆ ಬಿಡುತ್ತೇನೆ.'

"ನೋಡಿದ್ರಾ," ಎಂದರು ಹೆಂಡತಿ, "ಹೋಗೋ ಹೊತ್ತಿಗೆ ಅತ್ತೆಗೆ ಹೊಸ ಕೆಲಸ ಸಿಕ್ತು. ಅದೂ ಊರವರ ತಪ್ಪು ಹುಡುಕೋ ಕೆಲಸ!"

ಈ ಸಲ ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅತ್ತೆ ಲಾರಿ ಹತ್ತಿ ಹೊರಟಿದ್ದು ಶನಿವಾರ, ಬೆಳಿಗ್ಗೆ ಹತ್ತು ಗಂಟೆಗೆ.