ಇನ್ನೂರು ಮೊಟ್ಟೆಯ ಚಾಕಿ

ನರಸಿಂಹಪ್ಪ ಫೋನನ್ನು ಸೊಪ್ಪಿನ ರಾಶಿಯ ಮೇಲೆ ಎಸೆದ. ನೆಲಕ್ಕೇ ಬಡಿಯಬೇಕು ಅನ್ನಿಸಿತ್ತು. ಆದರೆ ಫೋನಿನ ಕಂತು ಇನ್ನೂ ತೀರಿರಲಿಲ್ಲ.

"ದೊಡ್ಡಮಲ್ಲಪ್ಪಂಗೆ ಹುಳ ಬ್ಯಾಡವಂತೆ! ಪಕ್ಕದ ಹೊಲದೋನು ಟೊಮ್ಯಾಟೊಗೆ ಔಷಧಿ ಹೊಡ್ದು ಇವನ ಹಿಪ್ಪುನೇರಳೆ ಮ್ಯಾಲೆಲ್ಲ ಬಿದ್ದೈತಂತೆ. ಇವತ್ತಾ ಹೇಳೋದು? ಹುಳ ಜ್ವರಕ್ಕೆ ಕೂತ ಮ್ಯಾಲೆ?"

ಅಗಳಿ ಊರಿನ ಹತ್ತಿರ ಅವನದೊಂದು ಚಾಕಿ ಶೆಡ್ಡು. ರೇಷ್ಮೆ ಮೊಟ್ಟೆ ತಂದು, ಚಾಕಿ ಎನ್ನುವ ಮರಿಹುಳಗಳಿಗೆ ಎಳೆ ಸೊಪ್ಪು ತಿನ್ನಿಸಿ, ಎರಡನೇ ಸಲ ಪೊರೆ ಬಿಡಲು ಅವು ಮೇವು ಬಿಟ್ಟು ಕೂತಾಗ ರೈತರಿಗೆ ಸಾಗಿಸುವುದು ಅವನ ಕಸುಬು. ಹಾಗೆ ಕೂರುವುದಕ್ಕೇ ಜ್ವರ ಎನ್ನುವುದು. ಬೆಳಗಾದರೆ ಹುಳ ಏಳುತ್ತದೆ. ಎದ್ದ ಹುಳದ ಹೊಟ್ಟೆಗೆ ತಳವಿಲ್ಲ, ಅಷ್ಟು ಸೊಪ್ಪು ಇವನಲ್ಲಿಲ್ಲ. ಒಂದು ಚಿಟ್ಟೆ ಇಟ್ಟ ನೂರಾರು ಮೊಟ್ಟೆಗಳ ಗುಂಪೇ ಇವರ ಲೆಕ್ಕದಲ್ಲಿ ಒಂದು ಮೊಟ್ಟೆ. ಈ ಸಲದ ನಾನೂರು ಮೊಟ್ಟೆಯಲ್ಲಿ ಅರ್ಧವನ್ನು ಅಗಳಿಯವರು ಆಗಲೇ ಕಡ ಒಯ್ದಿದ್ದರು. ಉಳಿದ ಇನ್ನೂರು ರೊಳ್ಳದ ದೊಡ್ಡಮಲ್ಲಪ್ಪನದು. ಈಗ ಯಾರದೂ ಅಲ್ಲ.

ಅದಕ್ಕಿಂತ ದೊಡ್ಡ ತಲೆನೋವು ಬೇರೆ ಇತ್ತು. ಮುಂದಿನ ಸರದಿಯ ಮೊಟ್ಟೆಗೆ ಸಂಜೆ ಆರರೊಳಗೆ ನಾಲ್ಕು ಸಾವಿರದ ನಾನೂರು ಕಟ್ಟಬೇಕು. ಕಟ್ಟದಿದ್ದರೆ ಮೊಟ್ಟೆ ಬೇರೆಯವರ ಪಾಲು, ಶೆಡ್ಡು ಹದಿನೈದು ದಿನ ಖಾಲಿ. ಕೈಯಲ್ಲಿದ್ದದ್ದು ಒಂಬೈನೂರು. ಗಂಟೆ ಐದು.

"ಯಾಕ್ರಿ ಅಷ್ಟು ಒದರ್ತೀರಿ? ಮಲಗಿದ ಹುಳ ಎದ್ದಾವು," ಎಂದಿತು ಬಾಗಿಲ ಬಳಿಯ ಬೆಂಚು.

ಅಲ್ಲಿ ಕೂತಿದ್ದವನು ರಾಯದುರ್ಗದ ಕಡೆಯ ಮರುಳಪ್ಪ. ಎಲ್ಲೋ ಗೊತ್ತುಮಾಡಿದ್ದ ಚಾಕಿಗೆ ರೋಗ ಬಿದ್ದು, ಖಾಲಿ ಟೆಂಪೋದಲ್ಲಿ ಊರಿಗೆ ಮರಳುವಾಗ ಇಲ್ಲಿ ವಿಚಾರಿಸಿದ್ದ. ಹುಳ ಇಲ್ಲ ಅಂದರೂ ಟೀ ಕುಡಿದೇ ಹೋಗುತ್ತೇನೆಂದು ಕೂತಿದ್ದ.

"ನನಗ ಕೊಡ್ರಿ. ನೂರಕ್ಕ ಎರಡು ಸಾವಿರದ ಏಳ್ನೂರು. ಈಗಲೇ ರೊಕ್ಕ."

"ನನ್ನ ಖರ್ಚೇ ಮೂರು ಸಾವಿರದ ನೂರು ಬಿದ್ದೈತೆ ಕಣಯ್ಯಾ! ನಾಲ್ಕು ಸಾವಿರದ ಮಾಲು!"

"ಹೌದ್ರಿ. ನಾಳೆ ಬೆಳಿಗ್ಗೆ ಅದಕ್ಕ ಎಷ್ಟ್ರಿ ರೇಟು?"

ನರಸಿಂಹಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಗುಡಿಬಂಡೆಯ ರೈತ ಮುದ್ದಪ್ಪ. ದೊಡ್ಡಮಲ್ಲಪ್ಪ ಕೈಬಿಟ್ಟ ಇನ್ನೂರೂ ತನಗಿರಲಿ, ಪೂರಾ ನಾಲ್ಕು ಸಾವಿರದಂತೆ, ದುಡ್ಡು ಮಾತ್ರ ಗೂಡು ಮಾರಿದ ಮೇಲೆ ಎಂದ. ಗೂಡು ಮಾರಬೇಕಾದರೆ ಇನ್ನೊಂದು ತಿಂಗಳು. ಆದರೂ ನರಸಿಂಹಪ್ಪ ಮರುಳಪ್ಪನಿಗೆ ಕೇಳಲೆಂದೇ "ಎಂಟು ಸಾವಿರ!" ಎಂದು ಕೂಗಿ, ಗೂಟಕ್ಕೆ ನೇತುಹಾಕಿದ್ದ ಪುಸ್ತಕ ತೆಗೆದು ಬರೆಯಲು ಕೂತ.

"ಮಾವ, ತಡೀರಿ," ಎಂದಳು ಸೊಸೆ ಮೌನಿಕಾ. ಮಡಕಶಿರಾದಲ್ಲಿ ಬಿ.ಕಾಂ. ಓದಿದವಳು, ಟ್ರೇ ತೊಳೆಯುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದಳು. "ಈ ವರ್ಸ ಬುಕ್ಕಲ್ಲಿ ಎಷ್ಟು ಲಾಭ ಐತೆ?"

"ನಲವತ್ತಾರು ಸಾವಿರ."

"ಜೇಬಲ್ಲಿ?"

ನರಸಿಂಹಪ್ಪ ಸೊಸೆಯನ್ನು ದುರುಗುಟ್ಟಿ ನೋಡಿದ. ಟ್ರೇ ಹೊಸಿಲು ದಾಟಿದ ದಿನವೇ ದುಡ್ಡು ಬಂತು ಎಂದು ಬರೆದುಕೊಳ್ಳುವುದು ಅವನ ಪದ್ಧತಿ. ಹುಳವೇನೋ ಹೊಸಿಲು ದಾಟಿ ಹೋಗಿತ್ತು. ದುಡ್ಡು ಇತ್ತ ದಾಟಿ ಬಂದಿರಲಿಲ್ಲ.

"ಮೂರು ಸಾವಿರದ ನೂರು ಅಂತೀರಲ್ಲ," ಮೌನಿಕಾ ಬಿಡಲಿಲ್ಲ. "ಅದ್ರಲ್ಲಿ ಓಬಮ್ಮಕ್ಕನ ತಿಂಗಳ ಸಂಬಳ, ಶೆಡ್ಡಿನ ಕಂತು, ಮೀಟರಿನ ಮಿನಿಮಮ್ಮು, ಎಲ್ಲ ಸೇರೈತೆ. ಹುಳ ಇದ್ರೂ ಅವು ಅಷ್ಟೇ, ಶೆಡ್ಡಿಗೆ ಬೀಗ ಜಡಿದ್ರೂ ಅಷ್ಟೇ. ಹುಳ ಹೆಚ್ಚಾದ್ರೆ ಹೆಚ್ಚೋದು ಮೊಟ್ಟೆ, ಸೊಪ್ಪು, ಸೊಪ್ಪು ಕುಯ್ಯೋ ಕೂಲಿ. ಅದು ನೂರಕ್ಕೆ ಸಾವಿರದ ಏಳ್ನೂರು. ಅದನ್ನೂ ಹುಳ ತಿಂದಾಯ್ತು. ಇವ್ರಿಗೆ ಕೊಟ್ರೆ ನೂರಕ್ಕೆ ಸಾವಿರ ಮೇಲುಳಿದು ಬಾಕಿ ಖರ್ಚಿಗೆ ಆಗ್ತದೆ. ಮುದ್ದಪ್ಪಂಗೆ ಕೊಟ್ರೆ ಬುಕ್ಕಲ್ಲಿ ಎಂಟು ಸಾವಿರ, ಆರು ಗಂಟೆಗೆ ಮೊಟ್ಟೆ ಇಲ್ಲ. ಖಾಲಿ ಶೆಡ್ಡಿಗೆ ಓಬಮ್ಮಕ್ಕ ಸಂಬಳ ಬಿಡ್ತಾಳಾ?"

"ಬಿಡಾಕಿಲ್ಲ," ಎಂದಳು ಮೂಲೆಯಲ್ಲಿ ಸುಣ್ಣ ಉದುರಿಸುತ್ತಿದ್ದ ಓಬಮ್ಮ, ತಲೆಯೆತ್ತದೆ.

ನರಸಿಂಹಪ್ಪ ಎದ್ದ. ಶೆಡ್ಡಿನ ಆ ತುದಿಗೆ ಹೋದ, ಈ ತುದಿಗೆ ಬಂದ. ಅಡ್ಡ ಬಂದ ಬಕೆಟ್ಟನ್ನು ಒದ್ದ. ಒಂದು ಟ್ರೇ ಎಳೆದು ನೋಡಿದ. ಹುಳಗಳೆಲ್ಲ ತಲೆಯೆತ್ತಿ ಕಲ್ಲಿನಂತೆ ಕೂತಿದ್ದವು. ಈ ಶೆಡ್ಡಿನಲ್ಲಿ ನೆಮ್ಮದಿ ಇದ್ದದ್ದು ಅವಕ್ಕೆ ಮಾತ್ರ.

"ನಾಳೆ ಊರೋರೆಲ್ಲ ಎರಡು ಸಾವಿರದ ಏಳ್ನೂರಕ್ಕೇ ಕೇಳ್ತಾರಲ್ಲಮ್ಮಾ!"

ಮೌನಿಕಾ ದನಿ ತಗ್ಗಿಸಿದಳು. "ಅಷ್ಟು ದೂರದ ರಾಯದುರ್ಗದ ರೇಟು ರೊಳ್ಳಕ್ಕೆ ನಡ್ಕೊಂಡು ಬರಲ್ಲ ಮಾವ."

ಐದೂ ಮೂವತ್ತೈದು. ನರಸಿಂಹಪ್ಪ ಬೆಂಚಿನ ಮುಂದೆ ನಿಂತ. "ಎರಡು ಸಾವಿರದ ಎಂಟ್ನೂರು. ಟೆಂಪೋ ಬಾಡಿಗೆ ನಿಂದೇ. ದುಡ್ಡು ಬಂದ ಮ್ಯಾಲೇ ಟ್ರೇ ಮುಟ್ಟಬೇಕು."

"ಮೊದಲೇ ಅಂದಿದ್ರ ಟೀ ಆದ್ರೂ ಬಿಸಿ ಕುಡೀತಿದ್ದೆ," ಎನ್ನುತ್ತ ಮರುಳಪ್ಪ ಫೋನು ತೆಗೆದ. ಶೆಡ್ಡಿನೊಳಗೆ ಮಾತಿಗೆ ಸಿಗ್ನಲ್ ಸಿಕ್ಕರೂ ದುಡ್ಡು ಕಳಿಸಲು ನೆಟ್ ಇಲ್ಲ. ಅಂಗಳದಲ್ಲೂ ಇಲ್ಲ. ನರಸಿಂಹಪ್ಪ ಅವನ ರಟ್ಟೆ ಹಿಡಿದು ನೀರಿನ ತೊಟ್ಟಿಯ ಕಟ್ಟೆಗೆ ಹತ್ತಿಸಿದ.

"ಬಿಡ್ರಿ, ಬಿದ್ರ ನನ್ನ ಸೊಂಟದ ಖರ್ಚು ಯಾವ ಲೆಕ್ಕಕ್ಕ ಹಾಕ್ತೀರಿ?"

"ಒತ್ತಯ್ಯಾ ಮೊದ್ಲು!"

ಫೋನಿನ ತೆರೆಯಲ್ಲಿ ಚಕ್ರ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಐದೂ ಐವತ್ತೆರಡಕ್ಕೆ ಐದು ಸಾವಿರದ ಆರುನೂರು ಬಂದು ಬಿತ್ತು. ಅದೇ ಕಟ್ಟೆಯ ಮೇಲೆ ನಿಂತು ನರಸಿಂಹಪ್ಪ ಮೊಟ್ಟೆಯ ದುಡ್ಡು ಕಳಿಸಿದ. ರಸೀದಿ ಬರುವವರೆಗೆ ಕೆಳಗಿಳಿಯಲಿಲ್ಲ.

ಟೆಂಪೋ ತಂಪು ಹೊತ್ತಿನಲ್ಲಿ ಹೊರಟಿತು. ನರಸಿಂಹಪ್ಪ ಪುಸ್ತಕ ತೆಗೆದು, ಹೊಸ ಹಾಳೆಯಲ್ಲಿ ಜೇಬಿನಲ್ಲಿದ್ದದ್ದನ್ನು ಮಾತ್ರ ಬರೆದ: ಎರಡು ಸಾವಿರದ ನೂರು. ನಲವತ್ತಾರು ಸಾವಿರದ ಮುಂದೆ ಅದು ಬಡಕಲಾಗಿ ಕಂಡಿತು.

ಮತ್ತೆ ಮುದ್ದಪ್ಪನ ಫೋನು. ಹುಳ ಮಾರಿಹೋಯಿತು ಎಂದ ನರಸಿಂಹಪ್ಪ. "ಹೋಗ್ಲಿ ಬಿಡಣ್ಣಾ, ಮುಂದಿನ ಸರದಿ ನೂರು ನಂಗಿರ್ಲಿ. ದುಡ್ಡು ಗೂಡು ಮಾರಿದ್ಮ್ಯಾಲೆ..."

"ಹುಳಕ್ಕೆ ಸೊಪ್ಪೂ ನೀನು ಗೂಡು ಮಾರಿದ್ಮ್ಯಾಲೇ ಹಾಕ್ಲೇನ್ಲಾ? ಅರ್ಧ ಮುಂಗಡ ಕೊಡು. ಇಲ್ಲ ಅಂದ್ರೆ ಬ್ಯಾರೆ ಕಡೆ ನೋಡ್ಕ!"

ಮುದ್ದಪ್ಪ ಹತ್ತು ವರ್ಷದ ಗಿರಾಕಿ. ಬರುತ್ತಾನೋ, ಬಿಟ್ಟೇ ಹೋಗುತ್ತಾನೋ. ನರಸಿಂಹಪ್ಪ ಒದ್ದ ಬಕೆಟ್ಟನ್ನು ತಾನೇ ಎತ್ತಿ ತಂದು, ಸೊಸೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಟ್ರೇ ತೊಳೆಯತೊಡಗಿದ. ಮುದ್ದಪ್ಪನ ಮುಂಗಡ ಬಂದೀತೆಂದು ಫೋನನ್ನು ಮಾತ್ರ ನೆಟ್ ಸಿಗುವ ಆ ಕಟ್ಟೆಯ ಮೇಲೇ ಇಟ್ಟುಬಂದಿದ್ದ.